ರೀಸ್ಟಾರ್ಟ್ ಮಾಡದ ಸಂಜೆಗಳು

ಬೆಳಿಗ್ಗೆ ಎರಡನೆಯ ಕಾಫಿಗೆ ಸಕ್ಕರೆ ಕಲಕುತ್ತಿದ್ದಾಗ ಫೋನ್ ಬಂತು. ಮನುಷ್ಯರದಲ್ಲ, ಇಂಟರ್‌ನೆಟ್ ಕಂಪನಿಯ ರೆಕಾರ್ಡೆಡ್ ದನಿ. ನಮ್ಮ ಸೇವೆ ತೃಪ್ತಿ ತಂದಿದ್ದರೆ ಒಂದನ್ನು ಒತ್ತಿ, ಇಲ್ಲದಿದ್ದರೆ ಎರಡನ್ನು ಒತ್ತಿ ಎಂದಿತು. ಯಾವುದನ್ನೂ ಒತ್ತದೆ ಇಟ್ಟುಬಿಟ್ಟೆ. ಪಾಪ, ಕಂಪನಿಯ ತಪ್ಪೇನೂ ಇರಲಿಲ್ಲ. ತಪ್ಪು ನನ್ನದು ಎಂದು ಹೇಳಲು ಅದರಲ್ಲಿ ನಂಬರೇ ಇರಲಿಲ್ಲ.

ಹೋದ ಮಳೆಗಾಲದ ಮಾತು. ಜೆ.ಪಿ. ನಗರದ ನಮ್ಮ ಮನೆಯಲ್ಲಿ ಒಂದು ಮಧ್ಯಾಹ್ನ ವೈಫೈ ನಿಂತುಹೋಯಿತು. ನನ್ನ ಮೊಬೈಲು ಬಟನ್ ಒತ್ತುವ ಹಳೆಯ ಕಾಲದ್ದು, ಬರೀ ಮಾತಿಗೆ. ಮುಖ ನೋಡುವ ಕೆಲಸವೆಲ್ಲ ಟ್ಯಾಬ್‌ನದು. ನಾನು ನೋಡುತ್ತಿದ್ದದ್ದಾದರೂ ಒಂದೇ ಮುಖ, ನಳಿನಿಯದು.

ನಳಿನಿ ನನ್ನ ಕಾನ್ವೆಂಟ್ ಗೆಳತಿ. ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ "ಅಂಡರ್‌ಸ್ಟುಡ್, ಗರ್ಲ್ಸ್?" ಎಂದರೆ ಇಡೀ ಕ್ಲಾಸು "ಯೆಸ್, ಸಿಸ್ಟರ್" ಎಂದು ರಾಗ ಎಳೆಯುತ್ತಿತ್ತು. ಅರ್ಥವಾಗುವುದು ಬಿಡುವುದು ಬೇರೆ ವಿಷಯ. ಹಾಗೆನ್ನುವುದೇ ಗುಡ್ ಮ್ಯಾನರ್ಸ್. ನಳಿನಿ ಒಬ್ಬಳೇ ಎದ್ದುನಿಂತು "ನೋ, ಸಿಸ್ಟರ್" ಎನ್ನುತ್ತಿದ್ದಳು. ಅಷ್ಟು ಮಾತಿನ ಹುಡುಗಿಗೆ ಈ ವಯಸ್ಸಿನಲ್ಲಿ ಸ್ಟ್ರೋಕ್ ಆಗಿ ಮಾತೇ ಹೋಯಿತು. ಹುಳಿಮಾವಿನಲ್ಲಿ ಮಗಳು ಸುಮಾಳ ಜೊತೆ ಇದ್ದಾಳೆ. ದಿನಾ ನಾಲ್ಕು ಗಂಟೆಗೆ ನಮ್ಮದು ವಿಡಿಯೋ ಕಾಲ್. ಅವಳು ಎಡಗೈ ಎತ್ತುವಳು, ಬಾಯಿ ಓರೆ ಮಾಡಿಕೊಂಡು ಏನೋ ಹೇಳಲು ಹೆಣಗುವಳು. ನಾನು ನಡುವೆಯೇ "ಯು ಲುಕ್ ಲವ್ಲಿ ಟುಡೇ, ನಳಿನಿ" ಎಂದು ಒಂದೇ ಸಮನೆ ಮಾತು ತುಂಬುತ್ತಿದ್ದೆ.

ವೈಫೈ ನಿಂತ ದಿನವೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಬಹಳ ಹೊತ್ತು ವೀಣೆ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಮೇಡಂ, ರೂಟರ್ ಹಿಂದೆ ಸ್ವಿಚ್ ಇರುತ್ತಲ್ಲಾ, ಆಫ್ ಮಾಡಿ, ಸ್ವಲ್ಪ ಬಿಟ್ಟು ಆನ್ ಮಾಡಿ."

"ಯೆಸ್, ಡನ್," ಎಂದೆ, ಕುರ್ಚಿಯಿಂದ ಏಳದೆ.

"ಇಷ್ಟು ಬೇಗನಾ?"

"ಐ ಆಮ್ ವೆರಿ ಕ್ವಿಕ್, ಮೈ ಡಿಯರ್."

ಮಾರನೆಯ ದಿನವೂ ಇದೇ ನಾಟಕ. ಕಾನ್ವೆಂಟಿನ ಅಭ್ಯಾಸ, ಇಲ್ಲ ಎನ್ನಲು ಬಾಯಿ ಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನೀವು ನಂಬಬೇಡಿ. ಮೊದಲ ದಿನ ನಾಲ್ಕು ಗಂಟೆಯಾದಾಗ ಟ್ಯಾಬ್ ಸುಮ್ಮನೆ ಕಪ್ಪಗೆ ಬಿದ್ದಿತ್ತು. ನಾನು ಬಾಲ್ಕನಿಯಲ್ಲಿ ಕೂತು ಎರಡು ರಸ್ಕ್ ತಿಂದೆ. ಎಷ್ಟು ಹಾಯಾಗಿತ್ತು ಎಂದರೆ, ನಾಳೆಯೂ ಹೀಗೇ ಇರಲಿ ಅನ್ನಿಸಿತು. ಸುಮಾಳಿಗೆ ಫೋನ್ ಮಾಡಿ, "ನೆಟ್ ಇಲ್ಲಮ್ಮ, ಏನ್ ಮಾಡ್ಲಿ, ಕಂಪ್ಲೇಂಟ್ ಕೊಟ್ಟಿದೀನಿ" ಎಂದಿದ್ದೆ. ಅದು ಸುಳ್ಳೂ ಅಲ್ಲವಲ್ಲ.

ನಾಲ್ಕನೆಯ ದಿನ ಸುಮಾಳೇ ಫೋನ್ ಮಾಡಿದಳು.

"ಆಂಟಿ, ನೆಟ್ ಇನ್ನೂ ಬರ್ಲಿಲ್ವಾ? ಅಮ್ಮಂಗೆ ಎಷ್ಟು ಹೇಳಿದ್ರೂ ಕೇಳಲ್ಲ. ನಾಲ್ಕಾಗ್ತಿದ್ದ ಹಾಗೆ ತಲೆ ಬಾಚು ಅಂತ ಸನ್ನೆ ಮಾಡ್ತಾರೆ. ಆ ನೀಲಿ ಸೀರೆನೇ ಬೇಕು. ಕತ್ತಲಾಗೋವರೆಗೂ ಟ್ಯಾಬ್ ಮುಂದೆ ಕೂತಿರ್ತಾರೆ."

ನೀಲಿ ಸೀರೆ ಉಟ್ಟಿದ್ದನ್ನು ನಾನು ಗಮನಿಸಿಯೇ ಇರಲಿಲ್ಲ. ಲವ್ಲಿ, ಲವ್ಲಿ ಎನ್ನುತ್ತಿದ್ದೆ ಅಷ್ಟೆ.

ತಕ್ಷಣ ಕಸ್ಟಮರ್ ಕೇರ್‌ಗೆ ಮತ್ತೆ ಫೋನ್ ಮಾಡಿದೆ. ಅದೃಷ್ಟಕ್ಕೋ ದುರದೃಷ್ಟಕ್ಕೋ ಅದೇ ಹುಡುಗಿ. ದನಿ ತಗ್ಗಿಸಿ ನಕ್ಕಳು.

"ಬೇಜಾರ್ ಮಾಡ್ಕೋಬೇಡಿ ಮೇಡಂ, ನಮ್ಗಿಲ್ಲಿ ಕಾಣ್ಸುತ್ತೆ. ನಿಮ್ ರೂಟರ್ ಒಂದ್ಸಲನೂ ಆಫ್ ಆಗಿಲ್ಲ. ಪರ್ವಾಗಿಲ್ಲ ಬಿಡಿ, ನಮ್ಮಜ್ಜಿನೂ ಮಾತ್ರೆ ನುಂಗಿದೀನಿ ನುಂಗಿದೀನಿ ಅಂತಾರೆ, ದಿಂಬಿನ ಕೆಳಗೆ ನೋಡಿದ್ರೆ ಎಲ್ಲಾ ಅಲ್ಲೇ."

ಕಿವಿ ಬಿಸಿಯಾಯಿತು. ಎದ್ದು ಹೋಗಿ ಸ್ವಿಚ್ ಆರಿಸಿದೆ, ಹಾಕಿದೆ. ದೀಪಗಳು ಒಂದೊಂದಾಗಿ ಹತ್ತಿಕೊಂಡವು. ಮುಗಿಯಿತು, ಅಷ್ಟೇ ಕೆಲಸ. ಟ್ಯಾಬ್‌ನಲ್ಲಿ ನಳಿನಿಯ ಹೆಸರು ಬಂದು ನಿಂತಿತು. ಒತ್ತಲು ಬೆರಳು ಹೋಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆಟೋ ಹತ್ತಿದೆ.

ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ ಸೇರಿಸಿದರೂ ಹುಳಿಮಾವು ಏನು ದೂರ? ಸ್ಟ್ರೋಕ್ ಆದ ಮೇಲೆ ನಾನು ಅಲ್ಲಿಗೆ ಕಾಲಿಟ್ಟಿದ್ದು ಅದೇ ಮೊದಲು. ವಿಡಿಯೋದಲ್ಲಿ ದಿನಾ ನೋಡ್ತೀನಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ನೋಡುವುದು ಕಷ್ಟವಾದಾಗ ಮುಗಿಸಲು ಪರದೆಯ ಮೇಲೊಂದು ಕೆಂಪು ಗುಂಡಿ ಇತ್ತು ಎನ್ನುವುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ನಳಿನಿ ನೀಲಿ ಸೀರೆಯಲ್ಲಿ ಕೂತಿದ್ದಳು. ಎಡಗೈಯಿಂದ ನನ್ನ ಕೈ ಹಿಡಿದವಳು ಬಿಡಲೇ ಇಲ್ಲ. ಬಾಯಿ ಓರೆ ಮಾಡಿ ಏನೋ ಹೇಳತೊಡಗಿದಳು. ಈ ಸಲ ನಾನು ಬಾಯಿ ಹಾಕಲಿಲ್ಲ. ಬಹಳ ಹೊತ್ತಿನ ಮೇಲೆ ಬಂದದ್ದು "ಊಟ" ಎಂಬ ಒಂದೇ ಮಾತು. ಊಟ ಆಯಿತಾ ಎಂದು ಅವಳು ನನ್ನನ್ನು ಕೇಳುತ್ತಿದ್ದಳು. ಎಷ್ಟು ಸಂಜೆ ಅದನ್ನೇ ಕೇಳಲು ಹೆಣಗಿದ್ದಳೋ.

ಸುಮಾ ಕಾಫಿ ತಂದಳು. "ನೆಟ್ ಸರಿ ಹೋಯ್ತಾ ಆಂಟಿ?"

"ಮೊದಲನೇ ದಿನವೇ ಸರಿ ಹೋಗ್ತಿತ್ತಮ್ಮ. ನಾನೇ ಮಾಡ್ಲಿಲ್ಲ. ನೆಟ್ ಇಲ್ದಿದ್ರೇ ಒಳ್ಳೇದು ಅನ್ನಿಸ್ತಿತ್ತು."

ಸುಮಾ ಲೋಟ ಇಟ್ಟು ಒಳಗೆ ಹೋದಳು. ನಳಿನಿಯ ಹಿಡಿತ ಸಡಿಲವಾಯಿತು. ನನ್ನನ್ನೇ ದಿಟ್ಟಿಸಿದಳು. ಮತ್ತೆ ಗಟ್ಟಿಯಾಗಿ ಹಿಡಿದಳು. ಅದರ ಅರ್ಥ ಏನೆಂದು ನಾನು ಕೇಳಲಿಲ್ಲ. ಕೇಳಿ, ಉತ್ತರಕ್ಕಾಗಿ ಅವಳನ್ನು ಒದ್ದಾಡಿಸುವ ಧೈರ್ಯ ನನಗಿರಲಿಲ್ಲ.

ಈಗ ಗಂಟೆ ಮೂರಾಗುತ್ತಾ ಬಂತು. ಆಟೋದವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. "ವೇಟಿಂಗ್ ಮಾಡ್ಲಾ ಅಮ್ಮ, ಬೇಗ ಬಂದ್ಬಿಡ್ತೀರಾ?" ಎಂದು ಫೋನಿನಲ್ಲೇ ಕೇಳಿದ್ದ. ಬೇಡಪ್ಪ, ಹುಳಿಮಾವಿನಲ್ಲಿ ಬಿಟ್ಟು ಹೊರಟುಹೋಗು ಎಂದಿದ್ದೇನೆ.