ಗಾಜಿನ ಮನೆಯ ಬಾಗಿಲು ತೆರೆದವರು

ಕಥೆಯ ಕೊನೆಯನ್ನು ಬಿಟ್ಟುಕೊಡಬಾರದು ಎಂಬುದು ವಿಮರ್ಶಕರು ತಮಗೆ ತಾವೇ ವಿಧಿಸಿಕೊಂಡ ಒಂದು ಸಣ್ಣ ನೇಮ. ಏಕಾದಶಿಯ ಉಪವಾಸದಂತೆ ಇದರಲ್ಲಿಯೂ ಹಸಿವಿಗಿಂತ ಹೆಮ್ಮೆಯೇ ಹೆಚ್ಚು. ತೊಂಬತ್ತರ ದಶಕದಲ್ಲಿ ಅರಸೀಕೆರೆಯ ಒಂದು ವಾರಪತ್ರಿಕೆಗೆ ಟೀವಿ ವಿಮರ್ಶೆ ಬರೆಯುತ್ತಿದ್ದ ನನಗೂ ಆ ಹೆಮ್ಮೆ ಇತ್ತು. ಓದುಗರು ಎಷ್ಟಿದ್ದರೆಂದು ಕೇಳಬೇಡಿ; ಆ ಪತ್ರಿಕೆಯಲ್ಲಿ ಬೋಂಡ ಕಟ್ಟಿಸಿಕೊಂಡು ಹೋದವರನ್ನೂ ನಾನು ಓದುಗರಲ್ಲೇ ಸೇರಿಸಿಕೊಳ್ಳುತ್ತಿದ್ದೆ.

ಆಗ ನಾನು ಗೆಂಡೆಹಳ್ಳಿಯ ಆಚೆ ಒಂದು ಊರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಭಾನುವಾರ ಬೆಳಿಗ್ಗೆ ಇಂಗ್ಲಿಷಿನ ಹಳೆಯ ವೈಜ್ಞಾನಿಕ ಧಾರಾವಾಹಿಯೊಂದು ಬರುತ್ತಿತ್ತು: ಕಪ್ಪು ಬಿಳುಪು ಚಿತ್ರ, ರಟ್ಟಿನ ರಾಕೆಟ್ಟು, ಪಾತ್ರೆಯಂಥ ಶಿರಸ್ತ್ರಾಣಗಳು. ಅದನ್ನು ನೋಡಲು ನಾನೂ ವಿಜ್ಞಾನದ ಮೇಷ್ಟ್ರು ಸಿದ್ಧರಾಜುವೂ ಊರ ಯಜಮಾನರ ಮನೆಗೆ ಹೋಗುತ್ತಿದ್ದೆವು. ನಾನು ಒಳಗೆ, ಬೆತ್ತದ ಕುರ್ಚಿಯಲ್ಲಿ. ಸಿದ್ಧರಾಜು ಜಗಲಿಯಲ್ಲಿ, ಕಿಟಕಿಯ ಹೊರಗೆ. ಅವರ ತಂದೆಯ ಕಾಲಕ್ಕೇ ಮನೆಯವರೆಲ್ಲ ಬೌದ್ಧರಾಗಿದ್ದರು. ಊರು ಮಾತ್ರ ಅವರ ಹಳೆಯ ಕೇರಿಯನ್ನು ಮರೆತಿರಲಿಲ್ಲ. ಹೊರಗೆ ಕೂತುಕೊಳ್ಳಿ ಎಂದು ಯಾರೂ ಅವರಿಗೆ ಹೇಳಿದ್ದನ್ನು ನಾನು ಕೇಳಿಲ್ಲ. ಒಳಗೆ ಬನ್ನಿ ಎಂದದ್ದನ್ನೂ ಕೇಳಿಲ್ಲ. ನಾನೂ ಅಂದಿರಲಿಲ್ಲ.

ಇಂಗ್ಲಿಷು ಚೆನ್ನಾಗಿ ಬಲ್ಲವರು ಅವರೊಬ್ಬರೇ. ಆದ್ದರಿಂದ ಒಳಗಿದ್ದ ನಮಗೆಲ್ಲ ಕಥೆ ಹೊರಗಿನಿಂದ ಬರುತ್ತಿತ್ತು.

“ಆವಯ್ಯ ಯಾಕ್ರೀ ಮೇಷ್ಟ್ರೇ ಹಂಗೆ ಬಾಯಿ ಬಡ್ಕೊಂತವ್ನೆ?” ಎಂದು ಯಜಮಾನರು ಕಿಟಕಿಯತ್ತ ತಿರುಗಿ ಕೇಳುವರು.

“ಆಕ್ಸಿಜನ್ ಮುಗೀತಾ ಬಂದಿದೆಯಂತೆ ಯಜಮಾನ್ರೇ.”

“ನಮ್ಮೂರ ಕರೆಂಟ್ ಇದ್ದಂಗೆ ಅನ್ನಿ!”

ನಾವು ನಗುತ್ತಿದ್ದೆವು. ಸಿದ್ಧರಾಜುವೂ ನಗುತ್ತಿದ್ದರು. ಅವರ ಕಾಫಿ ಕಿಟಕಿಯ ಸರಳುಗಳ ನಡುವೆ ಹೋಗುತ್ತಿತ್ತು.

ನಾನು ಹೇಳಹೊರಟ ಕಂತಿನಲ್ಲಿ, ಧೂಳಿನ ಬಿರುಗಾಳಿ ಬೀಸುವ ಒಂದು ಗ್ರಹದ ಮೇಲೆ ಗಾಜಿನ ಮನೆಯೊಂದಿದೆ. ಹೊರಗಿನಿಂದ ಬಂದವರು ಗಾಜು ತಟ್ಟುತ್ತಾರೆ. ಬಿಟ್ಟುಕೊಂಡರೆ ತಮ್ಮ ಗಾಳಿ ಕೆಡುತ್ತದೆಯೇ ಎಂದು ಒಳಗಿನವರು ಸಭೆ ಸೇರಿ ವಾದಿಸುತ್ತಾರೆ. ಕೊನೆಗೆ ಬಾಗಿಲು ತೆರೆಯುತ್ತದೆ. ನನ್ನ ಕಣ್ಣು ಒದ್ದೆಯಾಯಿತು. ಅಂದೇ ವಿಮರ್ಶೆ ಬರೆದೆ. ಮನುಕುಲ, ಅಂತಃಕರಣ, ಪಾರದರ್ಶಕವಾದ ಕ್ರೌರ್ಯ ಎಂದೆಲ್ಲ ಬರೆದು, “ಬಾಗಿಲು ತೆರೆದವರು ಯಾರೆಂಬುದನ್ನು ನೋಡಿಯೇ ತಿಳಿಯಬೇಕು” ಎಂದು ಮುಗಿಸಿದೆ. ಬರೆಯುವಾಗ ಜಗಲಿ ಒಮ್ಮೆಯೂ ನೆನಪಾಗಲಿಲ್ಲ. ಇದನ್ನು ನಾನು ಈಗ ಯೋಚಿಸಿ, ಖಚಿತಪಡಿಸಿಕೊಂಡೇ ಹೇಳುತ್ತಿದ್ದೇನೆ.

ಪತ್ರಿಕೆ ಬಂದ ದಿನ ಸಿದ್ಧರಾಜು ಸ್ಟಾಫ್ ರೂಮಿನಲ್ಲಿ ಅದನ್ನು ಎರಡು ಸಲ ಓದಿ ಮಡಚಿಟ್ಟರು.

“ಚೆನ್ನಾಗಿ ಬರೆದಿದ್ದೀರಿ ಸಾರ್. ಆದರೆ ಬಾಗಿಲು ತೆಗೆದವರು ಯಾರು ಅಂತ ನೀವೂ ಹೇಳಲೇ ಇಲ್ಲವಲ್ಲ.”

“ನೀವೂ ನೋಡಿದಿರಲ್ಲ ಸಿದ್ಧರಾಜು?”

“ಆ ಟೀವಿ ಪೆಟ್ಟಿಗೆಗೆ ಮರದ ಬಾಗಿಲಿದೆಯಲ್ಲ ಸಾರ್, ಅದು ಕಿಟಕಿಗೆ ಅಡ್ಡ. ಪರದೆಯ ಬಲಗಡೆ ಆಗೋದೇನೂ ನನಗೆ ಕಾಣೋದಿಲ್ಲ. ಮಾತು ಕೇಳಿ ಅಂದಾಜಿನ ಮೇಲೆ ನಿಮಗೆ ಹೇಳ್ತಿದ್ದೆ. ಕೊನೇಲಿ ಮಾತೇ ಇರಲಿಲ್ಲ. ನಿಮ್ಮ ವಿಮರ್ಶೇಲಿ ಗೊತ್ತಾಗುತ್ತೆ ಅಂತ ಕಾಯ್ತಿದ್ದೆ.”

ನನ್ನ ನೇಮ ಮುರಿದೆ. “ಒಬ್ಬಳು ಹೆಂಗಸು,” ಎಂದೆ.

“ಹೊರಗಿಂದ ಬಂದವಳಾ?”

“ಇಲ್ಲ, ಮೊದಲಿನಿಂದ ಒಳಗೇ ಇದ್ದವಳು. ಬೀಗದ ಕೈ ಅವಳ ಹತ್ತಿರವೇ ಇತ್ತು.”

“ಮತ್ತೆ ಅಷ್ಟು ಹೊತ್ತು ಏನು ಮಾಡ್ತಿದ್ದಳು ಸಾರ್?”

ಚುಚ್ಚಲೆಂದು ಕೇಳಿದ್ದಲ್ಲ. ಕಥೆಯಲ್ಲಿ ತಪ್ಪಿಹೋದ ಕೊಂಡಿಯನ್ನು ಹುಡುಕುವವರಂತೆ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು.

“ನೋಡ್ತಾ ಕೂತಿದ್ದಳು,” ಎಂದೆ.

ಸಿದ್ಧರಾಜು ಮಡಚಿಟ್ಟ ಪತ್ರಿಕೆಯನ್ನು ನನ್ನತ್ತ ಸರಿಸಿದರು. ಆಮೇಲೆ ಸೀಮೆಸುಣ್ಣದ ಡಬ್ಬಿ ತೆಗೆದುಕೊಂಡು ಕ್ಲಾಸಿಗೆ ಹೋದರು.

ಮುಂದಿನ ಭಾನುವಾರ ಅವರು ಯಜಮಾನರ ಮನೆಗೆ ಬರಲಿಲ್ಲ. “ಮೇಷ್ಟ್ರು ಎಲ್ಲೋದ್ರು? ಕಥೆ ಹೇಳೋರ್ ಯಾರ್ರೀ ಈಗ?” ಎಂದು ಯಜಮಾನರು ಕೇಳಿದರು. ಗೊತ್ತಿಲ್ಲ ಎಂದೆ.

ನಾನು ಹೋಗಿದ್ದೆ.