ಅಣ್ಣನ ಮದ್ದು ತೆಗೆಸಿದ್ದು

ನಮ್ಮಣ್ಣನಂಥ ಒಳ್ಳೆಯ ಮನುಷ್ಯ ಕಂಪ್ಲಿಯಲ್ಲಿ ಇನ್ನೊಬ್ಬನಿರಲಿಲ್ಲ ಎಂದು ನಾನು ಹೇಳಿದರೆ, ಅವನನ್ನು ಬಲ್ಲವರು ಮುಸಿಮುಸಿ ನಗುತ್ತಾರೆ. ನಗಲಿ. ಅವರಿಗೆ ಗೊತ್ತಿದ್ದದ್ದು ನನಗೂ ಗೊತ್ತಿತ್ತು. ಅವನಿಗೆ ಹೆಣ್ಣಿನ ಚಟವಿತ್ತು. ಊರಿನವರು ಆ ಮಾತನ್ನು ಎಷ್ಟು ಚಪ್ಪರಿಸಿ ಆಡುತ್ತಿದ್ದರೆಂದರೆ, ಅದೊಂದು ಕಾಯಿಲೆ ಇರಬಹುದೆಂದು ಯಾರಿಗೂ ಹೊಳೆಯಲೇ ಇಲ್ಲ. ನಮಗೂ ಹೊಳೆದದ್ದು ತಡವಾಗಿಯೇ.

ಅಣ್ಣ ಅಕ್ಕಿ ಗಿರಣಿಯಲ್ಲಿ ಮೆಕ್ಯಾನಿಕ್. ಕಾಲುವೆ ನೀರು ಬಂದು ಸುತ್ತಲ ಹೊಲಗಳೆಲ್ಲ ಗದ್ದೆಯಾಗಿ, ಗಿರಣಿಗಳು ಪುರುಸೊತ್ತಿಲ್ಲದೆ ಓಡುತ್ತಿದ್ದ ಕಾಲ ಅದು. ಕೆಲಸ ಮುಗಿಸಿ ಬಂದರೆ ಅವನ ಹುಬ್ಬಿನ ಮೇಲೆಲ್ಲ ತೌಡು. ಹಾಗೇ ನನ್ನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಕಾಲುವೆ ಏರಿಯ ಮೇಲೆ ಸುತ್ತಿಸುತ್ತಿದ್ದ. ಕಬ್ಬು ಮುರಿದು, ಹಲ್ಲಿನಿಂದಲೇ ಸಿಪ್ಪೆ ಸೀಳಿ, ಮೆತ್ತಗಿನ ತುಂಡು ನನಗೆ, ಗಟ್ಟಿಯದು ತನಗೆ. ಹೊಸಪೇಟೆಯಲ್ಲಿ ಸಿನಿಮಾ ತೋರಿಸಿ, ಹೊರಗೆ ಬಂದ ಮೇಲೆ ಮಂಡಕ್ಕಿ ಮಿರ್ಚಿ ತಿನ್ನಿಸುತ್ತಿದ್ದ. ಖಾರಕ್ಕೆ ನಾನು ಅತ್ತರೆ ತಾನೂ ಅತ್ತಂತೆ ಮಾಡುತ್ತಿದ್ದ. ಆ ಸುಖವನ್ನು ನಾನು ಯಾರ ಮಾತಿಗೂ ಬಿಟ್ಟುಕೊಡುವವಳಲ್ಲ.

ನಮ್ಮನ್ನು ಸಾಕಿದವಳು ದೊಡ್ಡವ್ವ, ಅಮ್ಮನ ಅಕ್ಕ. ನಮ್ಮ ಸ್ವಂತ ಊರು ಡ್ಯಾಮಿನ ನೀರಿನಲ್ಲಿ ಮುಳುಗಿತ್ತು. ಊರು ಬಿಡುವ ವರ್ಷವೇ ಅಮ್ಮ ತೀರಿಕೊಂಡಳು. ಆಗ ನಾನು ತೊಟ್ಟಿಲ ಕೂಸು; ನನ್ನನ್ನು ದೊಡ್ಡವ್ವ ಕೂಡಲೇ ಕಂಪ್ಲಿಗೆ ತಂದಳು. ಏಳೆಂಟು ವರ್ಷದ ಅಣ್ಣ ಕೆಲವು ತಿಂಗಳು ಅಪ್ಪನ ಜೊತೆ ಅಲ್ಲೇ ಉಳಿದಿದ್ದ. ಆ ತಿಂಗಳುಗಳ ವಿಷಯ ಅವನು ಎಂದೂ ಬಾಯಿ ಬಿಡುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಅಣ್ಣನ ಸುದ್ದಿ ಮೊದಲ ಸಲ ಮನೆಗೆ ಮುಟ್ಟಿದಾಗ ದೊಡ್ಡವ್ವ ಗಾಬರಿಯಾಗಲಿಲ್ಲ. "ವಯಸ್ಸಿನ ಹುಡುಗ. ಮದುವಿ ಮಾಡಿದ್ರ ತಾನ ಸರಿ ಹೋಗ್ತಾನ" ಎಂದಳು. ಸಂಡೂರಿನ ಕಡೆಯಿಂದ ಅತ್ತಿಗೆ ಬಂದಳು, ಜೊತೆಗೆ ಅವಳ ಹೊಲಿಗೆ ಮಷೀನೂ ಬಂತು. ಮಾತು ಕಡಿಮೆ, ನಗು ಜಾಸ್ತಿ. ಮಷೀನಿನ ಟಕಟಕ ಸದ್ದಿನಲ್ಲಿ ನಮ್ಮ ಮನೆ ಎಷ್ಟೋ ವರ್ಷಗಳ ನಂತರ ತುಂಬಿದಂತೆ ಅನಿಸಿತ್ತು. ಅಣ್ಣ ಅವಳ ಹಿಂದೆ ಮುಂದೆ ಸುಳಿದಾಡುವುದನ್ನು ನೋಡಿ ನಾವು ರೇಗಿಸುತ್ತಿದ್ದೆವು. ಮದುವೆಯಾದರೆ ಚಟ ಬಿಡುತ್ತದೆಂದು ನಂಬಿ ಒಂದು ಹೆಣ್ಣುಮಗಳನ್ನು ತಂದು ಕಟ್ಟಿದೆವಲ್ಲ, ಅವಳಿಗೆ ಮಾತ್ರ ಯಾರೂ ಏನೂ ಹೇಳಿರಲಿಲ್ಲ.

ಗೊತ್ತಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಗಿರಣಿಯ ಬೆಲ್ಟು ಹರಿಯಿತು ಎಂಬ ನೆಪ ವಾರವಾರವೂ ಬರತೊಡಗಿತು. ಹೋಗುವ ಮುಂಚೆ ಸಾರಿಗೆ ಉಪ್ಪಿಲ್ಲ, ಅಂಗಿಗೆ ಗುಂಡಿಯಿಲ್ಲ ಎಂದು ಸುಮ್ಮಸುಮ್ಮನೆ ಜಗಳ ತೆಗೆಯುತ್ತಿದ್ದ. ಬಂದ ಮೇಲೆ ಹಂಡೆ ಬರಿದಾಗುವವರೆಗೆ ಮೈ ತಿಕ್ಕಿ ಸ್ನಾನ. ಊಟ ಸೇರುತ್ತಿರಲಿಲ್ಲ. ದೇವರ ಫೋಟೋ ಮುಟ್ಟಿ ಆಣೆ ಮಾಡುತ್ತಿದ್ದ, ಆಣೆ ಮುರಿದಾಗ ಅತ್ತಿಗೆಗೆ ಬಳೆ ತರುತ್ತಿದ್ದ. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ಗಿರಣಿಗೆ ಕೆಲಸವಿಲ್ಲದಾಗ ಅವನ ಪಾಡು ನೋಡಲಾಗುತ್ತಿರಲಿಲ್ಲ. ಒಮ್ಮೆ ಸುಗ್ಗಿಯಲ್ಲೇ ಮಷೀನು ಬಿಚ್ಚಿಟ್ಟು ಎದ್ದುಹೋಗಿ ಕೆಲಸವನ್ನೂ ಕಳೆದುಕೊಂಡ. ಗದ್ದೆಯ ದುಡ್ಡಿನ ಕೊಬ್ಬು ಎಂದು ಊರು ಆಡಿಕೊಂಡಿತು. ನಮಗೆ ಗದ್ದೆಯೇ ಇರಲಿಲ್ಲ! ಅದಿರಲಿ, ಮಜಾ ಮಾಡಲು ಹೊರಟವನ ಮುಖ ಹಾಗಿರುವುದಿಲ್ಲ. ಯಾರೋ ಕುತ್ತಿಗೆಪಟ್ಟಿ ಹಿಡಿದು ಎಳೆದೊಯ್ಯುವಂತೆ ಅವನು ಮನೆ ದಾಟುತ್ತಿದ್ದ.

"ಯಾವಾಕಿನೋ ಮದ್ದು ಹಾಕ್ಯಾಳ" ಎಂದು ದೊಡ್ಡವ್ವ ಕೊನೆಗೆ ತೀರ್ಮಾನಿಸಿದಳು. ಗಂಡಸನ್ನು ಕೈವಶ ಮಾಡಿಕೊಳ್ಳಲು ಊಟದಲ್ಲೋ ಎಲೆಯಡಿಕೆಯಲ್ಲೋ ಏನನ್ನಾದರೂ ಬೆರೆಸಿ ತಿನ್ನಿಸುತ್ತಾರೆ, ಅದು ಹೊಟ್ಟೆಯಲ್ಲಿ ಗಂಟಾಗಿ ಕೂತು ಅವನನ್ನು ಎಳೆಯುತ್ತದೆ, ವಾಂತಿ ಮಾಡಿಸಿ ತೆಗೆಸಿದರೆ ಬಿಡುಗಡೆ. ಇದು ನಮ್ಮ ಕಡೆ ನೆಗಡಿಗೆ ಕಷಾಯ ಕುಡಿದಷ್ಟೇ ಸಹಜ ನಂಬಿಕೆ.

ಸಂಡೂರಿನ ಗುಡ್ಡದ ಕಡೆ ಮದ್ದು ತೆಗೆಯುವ ಮುದುಕನೊಬ್ಬನಿದ್ದ. ದೊಡ್ಡವ್ವ, ಅತ್ತಿಗೆ, ಅಣ್ಣ, ನಾನು ಬೆಳಗಿನ ಬಸ್ಸು ಹತ್ತಿ ಕೆಂಪು ಧೂಳಿನಲ್ಲಿ ಮಿಂದು ಅವನ ಅಂಗಳಕ್ಕಿಳಿದೆವು. ಮುದುಕ ಯಾವುದೋ ಸೊಪ್ಪು ಅರೆದು, ರಸ ಹಿಂಡಿ ಕುಡಿಸಿದ. ಅಣ್ಣ ಕರುಳು ಕಿತ್ತು ಬರುವಂತೆ ಕಾರಿಕೊಂಡ. ಮುದುಕ ಕಡ್ಡಿಯಿಂದ ಕೆದಕಿ ಕೂದಲಿನ ಸಣ್ಣ ಉಂಡೆಯೊಂದನ್ನು ಎತ್ತಿ ತೋರಿಸಿದ. "ನೋಡ್ರಿ, ಬಂತು!" ಅಷ್ಟು ವಾಂತಿಯೊಳಗಿಂದ ಬಂದ ಆ ಉಂಡೆ ಒಣಗಿಯೇ ಇತ್ತು ಎಂದು ಈಗ ನೆನೆದರೆ ನಗು ಬರುತ್ತದೆ. ಅವತ್ತು ದೊಡ್ಡವ್ವ ಕೈಮುಗಿದಳು. ಅಣ್ಣ ನೆಲದ ಮೇಲೆ ಕೂತು ಅಳುತ್ತಾ ನಗುತ್ತಾ, "ಬಂತೇನ್ರಿ? ಪೂರಾ ಬಂತೇನ್ರಿ?" ಎಂದು ಮತ್ತೆ ಮತ್ತೆ ಕೇಳಿದ.

ಆಮೇಲಿನ ಕೆಲವು ವಾರಗಳು ನಮ್ಮ ಮನೆಯ ಅತಿ ಚೆಂದದ ದಿನಗಳು. ಅಣ್ಣನಿಗೆ ಬೇರೆ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಅತ್ತಿಗೆ ಹೊಲಿಯುತ್ತಿದ್ದರೆ ಪಕ್ಕದಲ್ಲಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದ. ಎಲ್ಲರೂ ಹಂಪಿಗೆ ಹೋಗಿ ಹೊಳೆದಂಡೆಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಅವತ್ತು ಅತ್ತಿಗೆ ನೀರಿನಲ್ಲಿ ಕಾಲು ಬಿಟ್ಟು ಕೂತು ನಕ್ಕ ನಗು ಈಗಲೂ ನನ್ನ ಕಿವಿಯಲ್ಲಿದೆ.

ಒಂದು ಸಂಜೆ ಅತ್ತಿಗೆ, ದೊಡ್ಡವ್ವ, ನಾನು ನೆಂಟರ ಸೀಮಂತಕ್ಕೆ ಹೋಗಿದ್ದೆವು. ವಾಪಸು ಬಂದಾಗ ಮನೆಗೆ ಬೀಗವಿತ್ತು. ಅಣ್ಣ ಬಂದದ್ದು ಮರುದಿನ ಬೆಳಗ್ಗೆ. ಈ ಸಲ ಆಣೆಯಿಲ್ಲ, ಬಳೆಯಿಲ್ಲ. ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದ: "ಮದ್ದು ಹೊರಗ ಬಂತಲ್ಲವಾ, ಮತ್ಯಾಕ ಹೋಗ್ತೀನಿ ನಾನು?"

ಅತ್ತಿಗೆ ಕೂಗಾಡಲಿಲ್ಲ. ಮಷೀನನ್ನು ಗೋಣಿಚೀಲದಲ್ಲಿ ಸುತ್ತಿ ಸಂಡೂರಿನ ಬಸ್ಸಿಗೆ ಹೇರಿಸಿದಳು. "ನಿಮಗ ಯಾರೂ ಮದ್ದು ಹಾಕಿಲ್ಲರಿ. ಏನಾಗೇತಿ ಅಂತ ನೀವ ತಿಳ್ಕೊರ್ರಿ. ಅಲ್ಲೀಮಟ ನಾ ಬರಂಗಿಲ್ಲ" ಎಂದಳು. ಅವಳು ಇನ್ನು ಬರುವುದಿಲ್ಲವೆಂದೇ ನಾನು ತಿಳಿದೆ. ಅವಳ ಜಾಗದಲ್ಲಿ ನಾನಿದ್ದರೆ ಖಂಡಿತ ಬರುತ್ತಿರಲಿಲ್ಲ.

ಆಗ ನಾನು ಹೊಸಪೇಟೆಯ ಶಾಲೆಯೊಂದರಲ್ಲಿ ಟೀಚರ್. ಬಳ್ಳಾರಿಯಲ್ಲಿ ಮನಸ್ಸಿನ ಡಾಕ್ಟರೊಬ್ಬರಿದ್ದಾರೆ ಎಂದು ಜೊತೆಯವರು ಹೇಳಿದರು. ಅಣ್ಣ ತಲೆ ತಗ್ಗಿಸಿಕೊಂಡು ಬಂದ. ಸುದ್ದಿ ಕೊಟ್ಟಿದ್ದಕ್ಕೆ ಅತ್ತಿಗೆಯೂ ಸಂಡೂರಿನಿಂದ ಬಂದಳು, ಆದರೆ ಬೆಂಚಿನ ಆ ತುದಿಯಲ್ಲಿ ಕೂತಳು. ಹೋಗಲೇಬೇಕು ಅನಿಸುವುದು ಯಾವಾಗ ಎಂದು ಡಾಕ್ಟರು ಕೇಳಿದರು. ಅತ್ತಿಗೆಯೇ ಹೇಳಿದಳು: "ದೀಪ ಹಚ್ಚೋ ಹೊತ್ತಿಗೆ. ಮನ್ಯಾಗ ಯಾರೂ ಇಲ್ಲಂದ್ರ."

ಆಗ ಅಣ್ಣ ಬಾಯಿ ಬಿಟ್ಟ. ಅಮ್ಮ ಸತ್ತ ಮೇಲೆ ಅಪ್ಪ ಡ್ಯಾಮಿನ ಕೆಲಸಕ್ಕೆ ಹೋಗುತ್ತಿದ್ದ. ಅಕ್ಕಪಕ್ಕದವರು ಬಾಗಿಲು, ತೊಲೆ ಕಿತ್ತುಕೊಂಡು ಒಂದೊಂದು ಮನೆಯಾಗಿ ಊರು ಬಿಟ್ಟಿದ್ದರು. ಕತ್ತಲಾಗುವ ಹೊತ್ತಿಗೆ ಬೀದಿಯಲ್ಲಿ ತನ್ನೊಬ್ಬನದೇ ಉಸಿರು ಕೇಳುತ್ತಿತ್ತಂತೆ. "ಅದ ಹೊತ್ತಿಗೆ ಈಗ್ಲೂ ಎದಿ ಒಡದಂಗ ಆಗ್ತದರಿ. ಯಾರರ ಮುಟ್ಟಿದ್ರ ನಿಂದರ್ತದ. ಆಮ್ಯಾಲ ನನ್ನ ಮ್ಯಾಲ ನನಗ ಹೇಸಿಗಿ."

ಇದೇ ಕಾರಣವೆಂದು ಡಾಕ್ಟರು ಷರಾ ಬರೆಯಲಿಲ್ಲ. ಇರಬಹುದು, ಬೇರೆಯವೂ ಸೇರಿರಬಹುದು, ಅಂಥ ಊರು ಬಿಟ್ಟವರೆಲ್ಲ ಹೀಗಾಗಲಿಲ್ಲವಲ್ಲ ಎಂದರು. ಬೇಡವೆಂದುಕೊಂಡರೂ ನಿಲ್ಲಿಸಲಾಗದ್ದು, ಕೆಲಸ ಸಂಸಾರ ಹಾಳಾಗುತ್ತಿದ್ದರೂ ಕಾಲು ಅತ್ತಲೇ ಎಳೆಯುವುದು, ಇವೇ ಕಾಯಿಲೆಯ ಗುರುತು. ವಾಸಿಯಾಗಲು ವರ್ಷಗಳೇ ಬೇಕು. ಎಡವಿದರೆ ಮುಚ್ಚಿಡಬೇಡಿ ಎಂದರು. ಡಾಕ್ಟರು ಬರಹೇಳಿದ ದಿನ ಅಣ್ಣ ಬಳ್ಳಾರಿ ಬಸ್ಸು ಒಮ್ಮೆಯೂ ತಪ್ಪಿಸಲಿಲ್ಲ.

ಮುಂದಿನ ಬೆಳೆಗೆ ಕಾಲುವೆಗೆ ನೀರು ಬಿಟ್ಟ ವಾರ, ಅತ್ತಿಗೆ ಮಷೀನಿನ ಸಮೇತ ಬಸ್ಸಿನಿಂದಿಳಿದಳು. ಎಲ್ಲ ಸುಸೂತ್ರವಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅಣ್ಣ ಮತ್ತೆ ಎಡವಿದ, ಬಂದು ಹೇಳಿದ. ಅಂಥ ದಿನಗಳಲ್ಲಿ ಅತ್ತಿಗೆ ಅವನಿಗೆ ತಟ್ಟೆ ಇಟ್ಟು ಮಾತಾಡದೆ ಎದ್ದುಹೋಗುತ್ತಿದ್ದಳು. ಎಡವುವುದು ಬರಬರುತ್ತಾ ಅಪರೂಪವಾಯಿತು, ಆಮೇಲೆ ನಿಂತೇ ಹೋಯಿತು.

ಅಣ್ಣ ತೀರಿಕೊಂಡ ಮೇಲೊಮ್ಮೆ ಕೇಳಿದೆ: "ಅತ್ತಿಗಿ, ಏನು ನಂಬಿ ವಾಪಸ್ ಬಂದಿ?"

ಅತ್ತಿಗೆ ಕತ್ತರಿ ಕೆಳಗಿಟ್ಟಳು. "ಮದ್ದು ತೆಗಿಸಿದ ದಿನ ನೀವೆಲ್ಲ ಆ ಕೂದಲ ಉಂಡಿ ನೋಡಿದ್ರಿ. ನಾ ನಿಮ್ಮಣ್ಣನ ಮುಖ ನೋಡಿದೆ. ಬಿಡುಗಡಿ ಆತು ಅಂತ ಅಷ್ಟು ಖುಷಿ ಆಗಿದ್ರವಾ. ಆ ಚಟ ಹೋಗ್ಲಿ ಅನ್ನೋ ಆಸಿ ನನಗಿಂತ ಅವರಿಗೇ ಜಾಸ್ತಿ ಇತ್ತು."