ಕೈ ಹಿಂದೆ ಕಟ್ಟಿಕೊಂಡ ಮಗಳು

ನನ್ನ ಮಗಳು ನಡೆದದ್ದನ್ನು ನಾನು ಕಂಡದ್ದೇ ಕಡಿಮೆ. ಎಲ್ಲಿಗಾದರೂ ಓಟವೇ. ಉಣ್ಣಲು ಕೂತರೆ ಎರಡು ತುತ್ತಿಗೇ ಎದ್ದು ಕೊಟ್ಟಿಗೆಗೆ ಹೋಗುವಳು, ಕರುವಿನ ಹಗ್ಗ ಬಿಚ್ಚಿದವಳು ಅದನ್ನು ಮರೆತು ಸೀಬೆಮರ ಹತ್ತುವಳು. ಕರು ಹಾಲೆಲ್ಲ ಕುಡಿದು ಮುಗಿಸಿದ ಮೇಲೆ ನಮಗೆ ಗೊತ್ತಾಗುತ್ತಿತ್ತು. ನಾನೋ ಮೊದಲೇ ಮುಂಗೋಪಿ. ಅವಳ ಹೆಸರು ಕೂಗಿ ಕೂಗಿ ಸಂಜೆ ಹೊತ್ತಿಗೆ ನನ್ನ ಗಂಟಲೇ ಬಿದ್ದುಹೋಗುತ್ತಿತ್ತು.

ಆ ತೊಂಬತ್ತರ ದಶಕದಲ್ಲಿ ಯಳಂದೂರಿನ ಹತ್ತಿರದ ನಮ್ಮೂರಲ್ಲಿ ರೇಷ್ಮೆ ಹುಳು ಸಾಕುವವರು ಬಹಳ. ನಮ್ಮನೆಯ ಹಿಂದಿನ ಕೋಣೆಯೇ ಹುಳದ ಮನೆ. ಅದಕ್ಕೆ ದೇವರಮನೆಗಿಂತ ಹೆಚ್ಚು ಮಡಿ. ಕೈಕಾಲು ತೊಳೆಯದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಇಂಥ ಜಾಗಕ್ಕೆ ಇವಳು ಕೆಸರುಗಾಲಲ್ಲಿ ಕಿರುಚಿಕೊಂಡು ನುಗ್ಗುವಳು. "ನೀ ಮುಟ್ಟುದ್ರೆ ಉಳ ಸತ್ತೋಯ್ತವೆ, ಓಗೇ ಆಚೆಗೆ" ಅಂತ ನಾನು ಗದರಿಸುವುದು ದಿನದ ಪಾಠವಾಗಿತ್ತು.

ಅವಳಿಗೆ ಒಂಬತ್ತು ವರ್ಷವಿದ್ದಾಗ ಒಂದು ಬೆಳೆ ಪೂರ್ತಿ ಕೈಬಿಟ್ಟಿತು. ಇನ್ನೆರಡು ದಿನಕ್ಕೆ ಗೂಡು ಕಟ್ಟಬೇಕಿದ್ದ ಹುಳುಗಳು ಉಬ್ಬಿ, ಹಾಲಿನಂಥ ನೀರು ಬಿಟ್ಟು ಸತ್ತವು. ಯಾಕೆಂದು ನನಗೆ ಗೊತ್ತಿತ್ತು. ಮಳೆಯಲ್ಲಿ ಕೊಯ್ದ ಹಿಪ್ಪುನೇರಳೆ ಸೊಪ್ಪನ್ನು ಆರಹಾಕದೆ ಒದ್ದೆಯಾಗಿಯೇ ಹಾಕಿದವಳು ನಾನು. ಆದರೆ ಅತ್ತೆ ಬಾಗಿಲಲ್ಲಿ ನಿಂತು "ಏನಾಯ್ತವ್ವ ಇದು?" ಅಂದಾಗ ಹೆದರಿಕೆಗೆ ನನ್ನ ಬಾಯಿಂದ ಬಂದದ್ದು ಬೇರೆ: "ಇವ್ಳೇ ಕಣತ್ತೆ, ಯಾವಾಗ್ಲೂ ಒಳಕ್ ನುಗ್ಗಿ ಮುಟ್ಟೋಳು." ಮಗಳು ಅಲ್ಲೇ ನಿಂತು ಕೇಳಿಸಿಕೊಂಡಳು.

ಆಮೇಲೆ ಅವಳು ಸುಮ್ಮನಾದಳು. ಓಟ ನಿಂತಿತು. ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡು ಗೋಡೆ ಪಕ್ಕದಲ್ಲೇ ನಡೆಯುವಳು. "ಅಂತೂ ಬುದ್ಧಿ ಬಂತು" ಅಂತ ಅಕ್ಕಪಕ್ಕದವರು ಹೊಗಳಿದರು. ನಾನೂ ಹೊಗಳಿದೆ, ಬೆಲ್ಲ ಕೊಟ್ಟೆ. ಇದನ್ನು ಬರೆಯುವಾಗ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಕೊಟ್ಟಿಗೆ ಕಡೆ ಹೋಗುವುದನ್ನೂ ಬಿಟ್ಟಳು. ಕೈ ತೊಳೆದೂ ತೊಳೆದೂ ಬೆರಳೆಲ್ಲ ಸುಕ್ಕು. ಒಂದು ದಿನ ನನ್ನ ತಂಗಿ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಬಂದಳು. "ಬಾ, ತಮ್ಮನ್ನ ಎತ್ಕೋ" ಅಂದರೆ ಮಗಳು ಅಳುತ್ತಾ ಬಾಗಿಲ ಹಿಂದೆ ಸೇರಿಕೊಂಡಳು. "ಬ್ಯಾಡ, ನಾ ಮುಟ್ಟುದ್ರೆ ಸತ್ತೋಯ್ತದೆ" ಅಂದಳು.

ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವಳ ಓಟಕ್ಕೆ, ಒಂದರಲ್ಲಿ ಮನಸ್ಸು ನಿಲ್ಲದಿರುವುದಕ್ಕೆ ಎಡಿಎಚ್‌ಡಿ ಅನ್ನುತ್ತಾರೆ, ಅದು ಹುಟ್ಟಿನಿಂದಲೇ ಬಂದದ್ದು, ಹಟವಲ್ಲ, ಸಾಕಿದವರ ತಪ್ಪೂ ಅಲ್ಲ ಅಂದರು. ಆದರೆ ದಿನವೆಲ್ಲ ಬೈಸಿಕೊಳ್ಳುವ ಮಕ್ಕಳು ಯಾರ ತಪ್ಪನ್ನಾದರೂ ತಮ್ಮದೇ ಅಂತ ನಂಬಿಬಿಡುತ್ತಾರಂತೆ. ಭಯವನ್ನು ಚೂರುಚೂರೇ ಬಿಡಿಸಬೇಕು, ಗದರಿಸಬಾರದು ಅಂದರು. ವಾಪಸು ಬರುವಾಗ ಅವಳು ನನ್ನ ತೊಡೆಯ ಮೇಲೆ ನಿದ್ದೆ ಮಾಡಿದಳು. ನಾನು ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳ ಸುಕ್ಕುಬೆರಳು ಸವರುತ್ತಾ ಕೂತಿದ್ದೆ.

ಮನೆಗೆ ಬಂದವಳೇ ಅವಳನ್ನು ಅತ್ತೆಯ ಮುಂದೆ ನಿಲ್ಲಿಸಿದೆ. "ಅತ್ತೆ, ಆವತ್ತು ಒದ್ದೆ ಸೊಪ್ಪು ಆಕಿದ್ದು ನಾನು. ಇವ್ಳು ಏನೂ ಮಾಡ್ಲಿಲ್ಲ. ನಾನೇ ಸುಳ್ಳೇಳ್ಬುಟ್ಟೆ."

ಅತ್ತೆ ಅವರೆಕಾಯಿ ಸುಲಿಯುತ್ತಲೇ "ಆವತ್ತೇ ಗೊತ್ತಿತ್ತು ಕಣವ್ವ, ಉಳದ ತಟ್ಟೆ ಎತ್ತುದ್ರೆ ನೀರು ತೊಟ್ಟಿಕ್ತಿತ್ತು" ಅಂದರು. ಸೊಸೆಯ ಮಾನ ಉಳಿಯಲಿ ಅಂತ ಸುಮ್ಮನಿದ್ದರಂತೆ! ನನಗೆ ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಮಗಳು ಮಾತ್ರ ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿದಳು.

ಅಷ್ಟಕ್ಕೇ ಭಯ ಹೋಗಲಿಲ್ಲ. ಮುಂದಿನ ಬೆಳೆಯಲ್ಲಿ ಮೊದಲು ಹುಳದ ಮನೆಯ ಹೊಸ್ತಿಲ ಮೇಲೆ ಕೂತಳು. ಇನ್ನೊಂದು ದಿನ ನನ್ನ ಕೈಮೇಲೆ ಕೈಯಿಟ್ಟು ಸೊಪ್ಪು ಉದುರಿಸಿದಳು. ಒಂದು ಹುಳುವನ್ನು ಅಂಗೈಗೆ ತೆಗೆದುಕೊಳ್ಳಲು ಮತ್ತೆ ಎಂಟು ದಿನ ಬೇಕಾಯಿತು. ನಾನು ನಾಲಿಗೆ ಕಚ್ಚಿಕೊಂಡು ಕಾದೆ. ನನ್ನಂಥವಳಿಗೆ ಅದು ಸಣ್ಣ ತಪಸ್ಸಲ್ಲ.

ಹುಳು ಬೆಳೆದು ಹಣ್ಣಾದ ದಿನ, ಗೂಡು ಕಟ್ಟಲೆಂದು ಅವನ್ನೆಲ್ಲ ಆರಿಸಿ ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಹೊತ್ತು ಮೀರುವಂತಿಲ್ಲ, ನಿಧಾನಸ್ಥರಿಂದ ಆಗುವ ಕೆಲಸವಲ್ಲ. ಆವತ್ತು ಅವಳ ಕೈ ತಾನಾಗಿಯೇ ಮುಂದೆ ಬಂತು. ಒಂದು ತಟ್ಟೆ ಮುಗಿಯುವ ಮೊದಲೇ ಇನ್ನೊಂದಕ್ಕೆ ಹಾರುತ್ತಾ, ನಡುವೆ ಹೊರಗೋಡಿ ನೀರು ಕುಡಿದು ಬರುತ್ತಾ, ನಾನು ಒಂದು ಬೊಗಸೆ ಆರಿಸುವಷ್ಟರಲ್ಲಿ ಮೂರು ಬೊಗಸೆ ಆರಿಸಿದಳು. ನೋಡಿ ನೋಡಿ ನನಗೆ ಖುಷಿಗೆ ಕಣ್ಣೇ ಮಂಜಾಯಿತು. ಅಷ್ಟರಲ್ಲಿ ಅವಳು ಇದ್ದಕ್ಕಿದ್ದಂತೆ ನಿಂತಳು. ಬೆರಳ ನಡುವೆ ಒಂದು ಹುಳು ಮೆತ್ತಗೆ ಜೋತುಬಿದ್ದಿತ್ತು.

ಅವಳು ಅದನ್ನು ತಿರುಗಿಸಿ ನೋಡಿ ಪಕ್ಕಕ್ಕೆ ಹಾಕಿದಳು. "ಇದು ಮೊದ್ಲೇ ಸತ್ತೋಗಿತ್ತು ಕಣವ್ವ, ನಾನಲ್ಲ" ಅಂದು ಮುಂದಿನ ಹುಳಕ್ಕೆ ಕೈ ಹಾಕಿದಳು.